ಸಂಜೆಯೊಳಗೆ ವಾಪಸ್

ಸ್ಕಾರ್ಬರೋ ಊರಿನ ಕಡಲ ರಸ್ತೆಯಲ್ಲಿ, ಬೇಯಿಸಿದ ಏಡಿ ಮಾರುವ ಅಂಗಡಿಗೂ ಕತ್ತೆ ಸವಾರಿಯವರು ಮರಳಿಗಿಳಿಯುವ ಇಳಿಜಾರಿಗೂ ನಡುವೆ, ಹಸಿರು ಬಣ್ಣ ಬಳಿದ ಒಂದು ಮರದ ಗೂಡು ಇತ್ತು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು, ಅಷ್ಟೇ ಜಾಗ. ಬಸ್ ಕಂಪನಿಯ ಆ ಗೂಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೇಸಿಗೆ ಟಿಕೆಟ್ ಕೊಟ್ಟವಳು ಎನಿಡ್ ಸ್ಕೇಫ್. ಕೂತು ಕೊಟ್ಟಳು ಅಂದರೆ ಸುಳ್ಳಾಗುತ್ತದೆ. ಕಂಪನಿಯವರು ಹಾಕಿಸಿದ್ದ ಸ್ಟೂಲಿನ ಮೇಲೆ ಅವಳ ಕೋಟು ಕೂರುತ್ತಿತ್ತು. ಅವಳು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಗೂಡಿನ ಬಾಗಿಲಿಗೂ ಕಡಲ ಗೋಡೆಗೂ ಓಡಾಡುತ್ತಿದ್ದಳು.

ಗೂಡಿನ ಪಕ್ಕದಲ್ಲಿ ಒಂದು ಕರಿಹಲಗೆ. ಅಂದಂದಿನ ಪ್ರವಾಸಗಳನ್ನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಅವಳ ಕೆಲಸ. ಎಲ್ಲಿಗೆ ಎಂದು ಆರಿಸುವುದೂ ಅವಳದೇ. ಬೆಳಿಗ್ಗೆ ಏಳಕ್ಕೆಲ್ಲ ಬಂದು ಗೋಡೆಗೆ ಎದೆಯಾನಿಸಿ ನಿಂತು ಗಾಳಿಯ ವಾಸನೆ ನೋಡುವಳು. ಮೂಡಣ ಗಾಳಿಯಿದ್ದರೆ ಮಧ್ಯಾಹ್ನಕ್ಕೆ ಕಡಲಿಂದ ಮಂಜು ಎದ್ದು ದಂಡೆಯನ್ನೆಲ್ಲ ನುಂಗುವುದು ಖಂಡಿತ. ಅಂಥ ದಿನ ಜನರನ್ನು ಬೆಟ್ಟ ದಾಟಿಸಿ ಒಳನಾಡಿನ ಬಿಸಿಲಿಗೆ ಕಳಿಸಬೇಕು. ಮಳೆ ಸುರಿಯುವ ಹಾಗಿದ್ದರೆ ಯಾರ್ಕ್ ನಗರವೇ ಸರಿ, ಅಲ್ಲಿ ತಲೆಯ ಮೇಲೆ ಸೂರಿರುವ ಜಾಗ ಬೇಕಾದಷ್ಟು. ಆಮೇಲೆ ಜನರನ್ನು ನೋಡುವಳು. ಮಂಡಿ ನೋವಿನ ಅಜ್ಜಿಯರ ದಂಡು ಬಂದಿದ್ದರೆ ರಾಬಿನ್ ಹುಡ್ಸ್ ಬೇ ಹೆಸರನ್ನೇ ಎತ್ತುತ್ತಿರಲಿಲ್ಲ. ಆ ಊರಿನ ಬೀದಿ ಇಳಿಯುವುದು ಸುಲಭ, ಹತ್ತಿ ಬರುವವರು ಯಾರು? ಹೊಸದಾಗಿ ಮದುವೆಯಾದವರಿಗೆ ಗೋತ್‌ಲ್ಯಾಂಡ್‌ನ ಬಯಲು, ಮೂರು ದಿನಕ್ಕೆ ಒಬ್ಬರ ಮುಖ ಒಬ್ಬರಿಗೆ ಸಾಕಾದ ಗಂಡ-ಹೆಂಡಿರಿಗೆ ಅಂಗಡಿಗಳಿರುವ ವಿಟ್‌ಬಿ. ಅವಳು ಆರಿಸಿದ್ದು ತಪ್ಪಿತು ಎಂದು ಹೇಳಿದವರು ಕಡಿಮೆ.

ಆದರೆ ಮೊದಲ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಅವಳು ಆ ಬಸ್ಸು ಹತ್ತಿದ್ದಿಲ್ಲ. ಬಸ್ಸಿನ ಹೊಗೆ ವಾಸನೆಗೆ ಅವಳಿಗೆ ವಾಂತಿಯಾಗುತ್ತದಂತೆ ಎಂದು ಏಡಿ ಅಂಗಡಿಯ ಮ್ಯಾಜ್ ಎಲ್ಲರಿಗೂ ಹೇಳುತ್ತಿದ್ದಳು. ಎನಿಡ್ ಅದನ್ನು ಅಲ್ಲಗಳೆಯಲಿಲ್ಲ.

ಅವಳು ಹುಟ್ಟಿದ್ದು ಬಂದರಿನ ಹಿಂದಿನ ಇಕ್ಕಟ್ಟು ಓಣಿಗಳಲ್ಲಿ. ಮದುವೆಯಾದದ್ದು ನೆಡ್ ಸ್ಕೇಫ್ ಎಂಬ ಮೀನುಗಾರನನ್ನು. ಐವತ್ತೊಂಬತ್ತರ ಫೆಬ್ರವರಿಯಲ್ಲಿ ನೆಡ್, ಅವನ ಅಣ್ಣ, ಇಬ್ಬರೇ ಒಂದು ಸಣ್ಣ ದೋಣಿಯಲ್ಲಿ ಹೊರಟರು. ಬಾಗಿಲಲ್ಲಿ ನಿಂತು ನೆಡ್ ಹೇಳಿದ್ದು ಇಷ್ಟೇ: "ಸಂಜೆಯೊಳಗೆ ಬರ್ತೀನಿ, ಆಲೂಗೆಡ್ಡೆ ಬೇಯ್ಸಿಡು." ಎನಿಡ್ ಮೂರು ದಿನ ಬಂದರಿನ ಕಟ್ಟೆಯ ತುದಿಯಲ್ಲಿ ಕಾದಳು. ನಾಲ್ಕನೆಯ ದಿನ ಫೈಲಿ ಊರಿನ ತೀರಕ್ಕೆ ಅವರ ದೋಣಿಯ ಒಂದು ಹುಟ್ಟು ಬಂದು ಬಿದ್ದಿದೆ ಎಂದು ಸುದ್ದಿ ಬಂತು. ಅದರ ನಂತರ ಏನೂ ಬರಲಿಲ್ಲ. ಆಗ ಅವಳಿಗೆ ಮೂವತ್ತಾರು.

ಅದಾದ ಮೇಲೆ ಅವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಕುರ್ಚಿಗೆ ಬೆನ್ನು ಕೊಟ್ಟರೆ ಸಾಕು, ಯಾರೋ ಕರೆದ ಹಾಗಾಗಿ ಎದ್ದು ಬಾಗಿಲಿಗೆ ಬರುವಳು. ಆ ವರ್ಷದ ಬೇಸಿಗೆಯಲ್ಲಿ ಕಂಪನಿಯವರು ಗೂಡಿಗೆ ಒಬ್ಬರನ್ನು ಹುಡುಕುತ್ತಿದ್ದಾಗ ಹೋಗಿ ಸೇರಿಕೊಂಡಳು. ಎರಡು ವರ್ಷ ಕಳೆದು, ಇವಳು ಚುರುಕು ಎಂದು ಯಜಮಾನರು ಆಫೀಸಿನಲ್ಲಿ ಮೇಜು-ಕುರ್ಚಿ ಕೊಡುತ್ತೇನೆಂದರು. ಒಲ್ಲೆ ಎಂದಳು. ಅವಳಿಗೆ ಬೇಕಿದ್ದದ್ದು ಸಂಜೆಯ ಹೊತ್ತು. ಒಂದೊಂದೇ ಬಸ್ಸು ಬೆಟ್ಟದ ರಸ್ತೆಯಿಂದ ಇಳಿದು ದಂಡೆಗೆ ಬರುವುದು, ಬಾಗಿಲು ತೆರೆಯುವುದು, ಜನ ಕೈಕಾಲು ಕೊಡವುತ್ತ ಇಳಿಯುವುದು. ಅವಳು ಬಾಗಿಲ ಪಕ್ಕ ನಿಂತು ತುಟಿಯಲ್ಲೇ ತಲೆ ಎಣಿಸುವಳು. ಕೊನೆಯ ಬಸ್ಸಿನ ಕೊನೆಯ ತಲೆ ಇಳಿದ ಮೇಲೇ ಗೂಡಿಗೆ ಬೀಗ.

ಎಪ್ಪತ್ತೆಂಟರ ಆಗಸ್ಟಿನಲ್ಲಿ ಪರ್ಸಿ ಹಾಲ್‌ರಾಯ್ಡ್ ಎಂಬ ಮುದುಕ ಬಂದ. ಬ್ರಾಡ್‌ಫರ್ಡ್‌ನವನು, ಒಬ್ಬನೇ, ಎಪ್ಪತ್ತರ ಆಸುಪಾಸು. ಚೊಕ್ಕ ಟೋಪಿ, ಕಂಕುಳಲ್ಲಿ ಬ್ರೆಡ್ಡು ಮೊಟ್ಟೆಯ ಪೊಟ್ಟಣ, ಕನ್ನಡಿಯ ಹಾಗೆ ಉಜ್ಜಿದ ಬೂಟು. ಸೋಮವಾರ ಬೆಳಿಗ್ಗೆ ಗೂಡಿನ ಮುಂದೆ ನಿಂತು, "ಒಂದು ಟಿಕೆಟ್ ಕೊಡಿ. ಮುಂದಿನ ಸೀಟು, ಎಡಗಡೇದು," ಎಂದ.

"ಎಲ್ಲಿಗೆ?"

"ಎಲ್ಲಿಗೋ ಒಂದ್ ಕಡೆ. ನೀವೇ ಹೇಳಿ."

ಅಂಥ ಗಿರಾಕಿಯೆಂದರೆ ಎನಿಡಳಿಗೆ ಇಷ್ಟ. ಮೇಲಿಂದ ಕೆಳಗೆ ನೋಡಿದಳು. ಕಾಲು ನೆಟ್ಟಗಿದೆ, ಒಂಟಿ ಜೀವ, ನಾಲ್ಕು ಜನ ಓಡಾಡುವ ಜಾಗವಾದರೆ ಒಳ್ಳೆಯದು. ವಿಟ್‌ಬಿಗೆ ಕಳಿಸಿದಳು.

ಸಂಜೆ ಬಸ್ಸು ಬಂದಾಗ ಚಾಲಕ ಲೆನ್ ನಗುತ್ತ ಇಳಿದ. ಲೆನ್ ಪಿಕರ್‌ಗಿಲ್ ಹದಿನೈದು ವರ್ಷದಿಂದ ಅವಳ ಜೊತೆಯ ಕೆಲಸಗಾರ. ಅವಳನ್ನು ರೇಗಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಎನಿಡ್, ನಿನ್ನ ಲೆಕ್ಕಾಚಾರಕ್ಕೆ ಬೆಂಕಿ ಬಿತ್ತು ನೋಡು. ಆ ಅಜ್ಜ ಇಳೀಲೇ ಇಲ್ಲ."

"ಇಳೀಲಿಲ್ಲ ಅಂದ್ರೆ?"

"ಇಳೀಲಿಲ್ಲ ಅಂದ್ರೆ ಇಳೀಲಿಲ್ಲ. ಮೂರು ಗಂಟೆ ಬಸ್ಸಲ್ಲೇ ಕೂತಿದ್ದ. ಬ್ರೆಡ್ ತಿಂದ, ಪೇಪರ್ ಓದಿದ, ವಾಪಸ್ ಬಂದ."

"ಹುಷಾರಿರಲಿಲ್ವೇನೋ ಪಾಪ."

"ಗುಂಡುಕಲ್ಲಿನ ಹಾಗಿದಾನೆ ಮಾರಾಯ್ತಿ."

ಆ ಕ್ಷಣವೇ ಮುದುಕ ಇಳಿದು ಬಂದು, ಟೋಪಿ ಮುಟ್ಟಿ, "ಬಹಳ ಚೆನ್ನಾಗಿತ್ತು, ನಾಳೆಗೂ ಒಂದು ಹೇಳಿ," ಎಂದು ಹೋದ.

ಎನಿಡಳಿಗೆ ತಡೆಯಲಾಗಲಿಲ್ಲ. ಮನೆಗೆ ಹೋಗಿ ಚಹಾ ಕುಡಿಯುತ್ತ ಅದನ್ನೇ ಯೋಚಿಸಿದಳು. ಗದ್ದಲ ಹಿಡಿಸಲಿಲ್ಲವೇನೋ, ನೋಡುವಂಥ ಬಂಗಲೆ, ತೋಟ ಇದ್ದರೆ ಇಳಿಯಬಹುದು. ಮಂಗಳವಾರ ಹಲಗೆಯ ಮೇಲೆ ಬೇರೆ ಬರೆದಿದ್ದನ್ನು ಒರೆಸಿ ಕಾಸಲ್ ಹವರ್ಡ್ ಎಂದು ಬರೆದಳು. ಸಂಜೆ ಲೆನ್ ಬಾಗಿಲು ತೆರೆಯುವ ಮೊದಲೇ ಗಾಜಿನ ಹಿಂದಿನಿಂದ ತಲೆ ಅಲ್ಲಾಡಿಸಿದ. ಇಳಿದಿರಲಿಲ್ಲ. ಬುಧವಾರ ಗೋತ್‌ಲ್ಯಾಂಡ್. ಹಬೆ ಎಂಜಿನ್ನಿನ ರೈಲು ಓಡುವ ಊರು ಅದು, ಗಂಡಸಾದವನು ಎಂಜಿನ್ನು ನೋಡದೆ ಇರುತ್ತಾನೆಯೇ ಎಂದು ಅವಳ ಎಣಿಕೆ.

"ರೈಲು ಬಂದಾಗ ಕಿಟಕೀಲಿ ಕಣ್ಣೆತ್ತಿ ನೋಡ್ದ," ಎಂದ ಲೆನ್, "ಆಮೇಲೆ ಮೊಟ್ಟೆ ಸುಲಿಯೋಕೆ ಶುರು ಮಾಡ್ದ. ಬಿಡೇ ಎನಿಡ್, ಅವನ ದುಡ್ಡು ಅವನ ಕುಂಡೆ. ಕೂತ್ಕೊಳ್ಲಿ."

"ಹೊರಡೋದು ಯಾತಕ್ಕೆ ಹಾಗಾದ್ರೆ? ಕೂರೋದಕ್ಕೆ ಇಲ್ಲೇ ದಂಡೆ ತುಂಬ ಬೆಂಚ್ ಇಲ್ವಾ?"

"ನಿನಗೇನೇ ಅದರಿಂದ?"

ಎನಿಡ್ ಹಲಗೆಯ ಮೇಲೆ ಬರೆದಿದ್ದನ್ನು ಒರೆಸಿ ಹಾಕಿದಳು. ಆದರೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಮೀನಿನ ಮುಳ್ಳಿನಂತೆ ಆ ಮುದುಕ ಅವಳನ್ನು ಬಿಡಲಿಲ್ಲ. ತಾನು ಆರಿಸಿದ ಜಾಗಕ್ಕೆ ಹೋಗಿ ನೆಲ ಮುಟ್ಟದೆ ಬಂದವನು ಇವನೊಬ್ಬನೇ.

ಗುರುವಾರ ಮೂಡಣ ಗಾಳಿ. ಬಸ್ಸನ್ನು ಫೈಲಿಂಗ್‌ಡೇಲ್ಸ್ ಬಯಲಿನ ಮೇಲೆ ಸುತ್ತಿಸಿ ಒಳನಾಡಿಗೆ ಕಳಿಸಿದಳು. ಐದೂವರೆಗೆ ಬರಬೇಕಾದದ್ದು. ಮಧ್ಯಾಹ್ನ ಎದ್ದ ಮಂಜು ನಾಲ್ಕರ ಹೊತ್ತಿಗೆ ಊರಿನ ಕೋಟೆಯ ಗುಡ್ಡವನ್ನೇ ಮರೆಮಾಡಿತು. ಮರಳಿನ ಮೇಲಿದ್ದವರು ಕುರ್ಚಿ ಮಡಚಿ ಹೋದರು, ಕತ್ತೆಗಳನ್ನು ಹೊಡೆದುಕೊಂಡು ಹೋದರು. ಉಳಿದ ಎರಡು ಬಸ್ಸು ಬಂದವು, ಲೆನ್ನನದು ಬರಲಿಲ್ಲ. ಆರಾಯಿತು. ಆರೂವರೆಯಾಯಿತು. ಎನಿಡ್ ಆಫೀಸಿಗೆ ಫೋನು ಮಾಡಿದಳು, ಅವರಿಗೂ ಸುದ್ದಿಯಿಲ್ಲ. ಗೂಡಿನಿಂದ ಬೆಟ್ಟದ ರಸ್ತೆಯ ತಿರುವಿಗೆ ಹೋಗುವಳು, ಬಿಳೀ ಮಂಜಿನೊಳಗೆ ಕಣ್ಣು ಕಿರಿದು ಮಾಡಿ ನಿಲ್ಲುವಳು, ಮತ್ತೆ ಗೂಡಿಗೆ ಓಡಿ ಫೋನು ಎತ್ತುವಳು.

"ಕೂತ್ಕೊಳೆ ತಾಯಿ," ಎಂದಳು ಮ್ಯಾಜ್, ಏಡಿಯ ಬುಟ್ಟಿ ತೊಳೆಯುತ್ತ. "ಎಲ್ಲೋ ಟೈರ್ ಹೋಗಿರುತ್ತೆ. ಅವರೇನು ನಡುಗಡಲಲ್ಲಿದಾರಾ?"

ಹೇಳಿದ ಮೇಲೆ ಮ್ಯಾಜ್ ತುಟಿ ಕಚ್ಚಿಕೊಂಡಳು. ಎನಿಡ್ ಕೇಳಿಸದವಳ ಹಾಗೆ ತಿರುವಿನ ಕಡೆಗೆ ನಡೆದಳು.

ಏಳೂಕಾಲಿಗೆ ಮಂಜಿನೊಳಗಿಂದ ಎರಡು ಹಳದಿ ದೀಪ ಮೂಡಿದವು. ಬಾಗಿಲು ತೆರೆಯುತ್ತಲೇ ಅವಳು ಎಣಿಸಲು ಶುರುಮಾಡಿದಳು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಮೂವತ್ತನೆಯವನಾಗಿ ಹಾಲ್‌ರಾಯ್ಡ್ ಇಳಿದ ಮೇಲೆ ಅವಳ ಕೈ ಬಾಗಿಲ ಹಿಡಿ ಬಿಟ್ಟಿತು. ಅವನ ಹಿಂದೆ ಲೆನ್, ಮೊಣಕೈವರೆಗೆ ಮಸಿ.

"ಬಯಲಿನ ನಟ್ಟನಡುವೆ ಫ್ಯಾನ್ ಬೆಲ್ಟ್ ಹರೀತು ಕಣೆ. ಫೋನಿಲ್ಲ, ಮನೆಯಿಲ್ಲ, ಕುರಿಯೊಂದೇ. ನಾನು ತಲೆ ಮೇಲೆ ಕೈ ಹೊತ್ತು ಕೂತ್ರೆ, ಈ ಯಜಮಾನ್ರು ಸೀಟಲ್ಲೇ ಕೂತು ಹೇಳ್ತಾರೆ, 'ಯಾರಾದ್ರೂ ಹೆಂಗಸರ ಹತ್ರ ನೈಲಾನ್ ಕಾಲುಚೀಲ ಇಸ್ಕೋ, ಬೆಲ್ಟಿನ ಜಾಗಕ್ಕೆ ಬಿಗಿಯಾಗಿ ಕಟ್ಟು' ಅಂತ. ಕಟ್ಟಿದೆ. ಆಗೀಗ ನಿಲ್ಲಿಸಿಕೊಂಡು, ಆಮೆ ಹಾಗೆ ಬಂದ್ವಿ."

"ಆಗ್ಲೂ ಇಳೀಲಿಲ್ವಾ?"

"ಆಗ್ಲೂ ಇಳೀಲಿಲ್ಲ!"

ಹಾಲ್‌ರಾಯ್ಡ್ ಟೋಪಿ ಕೈಯಲ್ಲಿ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ. "ನಿಮಗೆ ಹುಷಾರಿದೆಯಾ, ಮಿಸೆಸ್ ಸ್ಕೇಫ್? ಸುಣ್ಣದ ಹಾಗೆ ಬೆಳ್ಳಗಾಗಿದೀರಿ."

"ನನ್ನ ವಿಷಯ ಬಿಡಿ," ಎಂದಳು ಎನಿಡ್. ಎರಡು ಗಂಟೆ ಗಂಟಲಲ್ಲಿ ತಡೆದಿದ್ದೆಲ್ಲ ಅವನ ಮೇಲೆ ಹರಿಯಿತು. "ದಿನಾ ಟಿಕೆಟ್ ತಗೋತೀರಿ, ದಿನಾ ಕೂತಲ್ಲೇ ಕೂತು ಬರ್ತೀರಿ. ನಾನು ಆರಿಸಿ ಆರಿಸಿ ಕಳಿಸ್ತಿದೀನಿ. ಒಂದು ಸಲನಾದ್ರೂ ಇಳಿದು ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಇಳಿದ ಜನ ತಿರುಗಿ ನೋಡಿದರು. ಮುದುಕನಿಗೆ ಸಿಟ್ಟು ಬರಲಿಲ್ಲ.

"ನೀವು ಆರಿಸಿದ ಜಾಗಗಳು ಅಷ್ಟು ಚೆನ್ನಾಗಿದಾವಾ?"

"ಚೆನ್ನಾಗಿಲ್ದೆ ಮತ್ತೆ!"

"ನೀವು ಎಷ್ಟು ಸಲ ನೋಡಿದೀರಿ?"

ಲೆನ್ ಮಸಿಗೈಯನ್ನು ಬಟ್ಟೆಗೆ ಒರೆಸುತ್ತ ಆಕಾಶ ನೋಡಿದ.

"ನಾಳೆ ನನ್ನ ಕೊನೇ ದಿನ," ಎಂದ ಹಾಲ್‌ರಾಯ್ಡ್. "ನೀವೂ ಬನ್ನಿ. ನೋಡೋಣ."

ಬರುವುದಿಲ್ಲ ಎಂದು ಹೇಳಿಯೇ ಅವಳು ಮನೆಗೆ ಹೋದಳು. ಬೆಳಿಗ್ಗೆ ಎದ್ದಾಗಲೂ ಹೋಗುವ ಮನಸ್ಸಿರಲಿಲ್ಲ. ಹಲಗೆಯ ಮೇಲೆ ಹಟನ್-ಲಿ-ಹೋಲ್ ಎಂದು ಬರೆದಳು. ಹುಲ್ಲುಹಾಸಿನ ನಡುವೆ ತೊರೆ ಹರಿಯುವ, ಬೀದಿಯಲ್ಲೇ ಕುರಿ ಮೇಯುವ ಸಣ್ಣ ಹಳ್ಳಿ ಎಂದು ನೂರಾರು ಜನರಿಗೆ ಬಾಯಿಪಾಠ ಒಪ್ಪಿಸಿದ್ದಳು. ಸೀಮೆಸುಣ್ಣ ಇಡುವಾಗ ಮ್ಯಾಜ್ ಬಂದು ಸ್ಟೂಲಿನ ಮೇಲಿದ್ದ ಕೋಟು ತೆಗೆದು ಅವಳ ಕೈಗೆ ಕೊಟ್ಟು, ತಾನು ಕೂತುಬಿಟ್ಟಳು.

"ಏಡಿ ಅಂಗಡಿ ನನ್ನ ಗಂಡ ನೋಡ್ಕೋತಾನೆ. ಹೋಗು, ವಾಂತಿ ಬಂದ್ರೆ ಲೆನ್‌ನ ಟೋಪಿಗೆ ಮಾಡು."

ಲೆನ್ ಎಂಜಿನ್ನು ಗುರುಗುಟ್ಟಿಸುತ್ತ ಕಾಯುತ್ತಿದ್ದ. ಎನಿಡ್ ಹತ್ತಿದಳು. ಹಾಲ್‌ರಾಯ್ಡ್ ತನ್ನ ಸೀಟಿನ ಪಕ್ಕದ ಜಾಗದಿಂದ ಪೊಟ್ಟಣ ತೆಗೆದ.

ಊರು ದಾಟುವ ಮೊದಲೇ ಅವಳು ಎದ್ದು ಹಿಂದಕ್ಕೆ ತಿರುಗಿ ಎಣಿಸಿದಳು. ಪಿಕರಿಂಗ್ ಪೇಟೆಯಲ್ಲಿ ಬಸ್ಸು ನಿಂತಾಗ ಮತ್ತೆ ಎಣಿಸಿದಳು. ಬೆಟ್ಟದ ಮೈಯೆಲ್ಲ ಹೀದರ್ ಹೂ ಬಿಟ್ಟು ನೇರಳೆಯಾಗಿತ್ತು. ಜನ ಕಿಟಕಿಗೆ ಮುಖವಿಟ್ಟು ಅಬ್ಬಾ ಎನ್ನುತ್ತಿದ್ದರು. ಎನಿಡ್ ಚಕ್ರದ ಸದ್ದು ಕೇಳುತ್ತಿದ್ದಳು. ಬ್ರೇಕು ಕಿರುಗುಟ್ಟಿತಲ್ಲವೇ? ಹಾಲ್‌ರಾಯ್ಡ್ ಮಾತ್ರ ಎರಡೂ ಕೈ ಮಂಡಿಯ ಮೇಲಿಟ್ಟು, ಬರುವ ಪ್ರತಿಯೊಂದು ತಿರುವನ್ನೂ ಮಗು ತಿಂಡಿ ನೋಡುವ ಹಾಗೆ ನೋಡುತ್ತಿದ್ದ.

ಹಟನ್-ಲಿ-ಹೋಲ್‌ನಲ್ಲಿ ಎಲ್ಲರೂ ಇಳಿದರು. ಲೆನ್ ಚಹಾಕ್ಕೆ ಹೋದ. ಎನಿಡ್ ಇಳಿದು ತೊರೆಯವರೆಗೆ ಹೋಗಿ ಬಂದಳು. ಬಸ್ಸು ಹತ್ತಿ, ಇಳಿದು, ಚರ್ಚಿನವರೆಗೆ ಹೋಗಿ ಬಂದಳು. ಮೂರನೆಯ ಸಲ ಹತ್ತಿದಾಗ ಹಾಲ್‌ರಾಯ್ಡ್ ಮೊಟ್ಟೆ ಸುಲಿಯುವುದನ್ನು ನಿಲ್ಲಿಸಿದ.

"ಒಂದ್ ಕಡೆ ಕೂತ್ಕೊಳಿ ತಾಯಿ. ನಿಮ್ಮನ್ನ ನೋಡಿ ನನಗೇ ಕಾಲು ನೋವು ಬಂತು."

ಅವಳು ಸೀಟಿನ ಅಂಚಿನಲ್ಲಿ ಕೂತಳು. "ಈಗ್ಲಾದ್ರೂ ಹೇಳಿ. ಯಾಕೆ ಇಳಿಯಲ್ಲ?"

"ಹೇಳೋಕೇನೂ ಇಲ್ಲ. ಮೂವತ್ತೆಂಟು ವರ್ಷ ಟ್ರಾಲಿ ಬಸ್ಸು ಓಡಿಸ್ದೆ. ಅದೇ ರಸ್ತೆ, ಮೇಲೆ ಅದೇ ಕರೆಂಟಿನ ತಂತಿ. ತಂತಿ ಬಿಟ್ಟು ನಾಲ್ಕು ಗಜ ಆಚೆ ಹೋಗೋ ಹಾಗಿಲ್ಲ ಆ ಗಾಡಿ. ಕಣ್ಣು ಯಾವಾಗ್ಲೂ ಮುಂದಿನ ಗಾಡಿ ಬೆನ್ನ ಮೇಲೆ. ಪಕ್ಕದಲ್ಲಿ ಏನಿತ್ತು ಅಂತ ನೋಡ್ಲೇ ಇಲ್ಲ. ಈಗ ಇನ್ನೊಬ್ಬ ಓಡಿಸ್ತಾನೆ, ನಾನು ಪಕ್ಕಕ್ಕೆ ನೋಡ್ತೀನಿ. ಊರಲ್ಲಿಳಿದ್ರೆ ಏನಿದೆ? ಒಂದು ಚಹಾದ ಅಂಗಡಿ. ಅದು ಎಲ್ಲಾ ಕಡೆ ಒಂದೇ. ರಸ್ತೆ ಮಾತ್ರ ಬೇರೆಬೇರೆ."

"ಅಷ್ಟೇನಾ?"

"ಅಷ್ಟೇ. ನೀವೇನಂದ್ಕೊಂಡಿದ್ರಿ, ಕಾಲಿಗೆ ಬೇಡಿ ಹಾಕಿದಾರೆ ಅಂತಾನಾ?" ಆತ ಒಂದು ಹೋಳು ಮೊಟ್ಟೆ ಅವಳಿಗೆ ಕೊಟ್ಟ. "ನೀವು ಹೇಳಿ. ಬೆಳಗಿಂದ ನಾಲ್ಕು ಸಲ ತಲೆ ಎಣಿಸಿದ್ರಿ. ನಾನೂ ಎಣಿಸ್ತಾ ಇದ್ದೆ, ನೀವು ಎಣಿಸೋದನ್ನ."

ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಊರಿನವರಿಗೆ ಗೊತ್ತಿತ್ತು, ಪ್ರವಾಸಿಗಳಿಗೆ ಬೇಕಿರಲಿಲ್ಲ. ಮೊಟ್ಟೆಯ ಹೋಳು ಕೈಯಲ್ಲಿ ಹಿಡಿದುಕೊಂಡೇ ಅವಳು ನೆಡ್‌ನ ವಿಷಯ ಹೇಳಿದಳು. ಆಲೂಗೆಡ್ಡೆ, ಕಟ್ಟೆಯ ಮೇಲಿನ ಮೂರು ದಿನ, ಹುಟ್ಟು, ಎಲ್ಲ.

ಹಾಲ್‌ರಾಯ್ಡ್ ಮೊಟ್ಟೆಯ ಸಿಪ್ಪೆಯನ್ನು ಪೊಟ್ಟಣಕ್ಕೆ ಹಾಕಿ ಹೇಳಿದ: "ನೀವು ಎಣಿಸಿದ್ದಕ್ಕೆ ಬಸ್ಸಿನವರು ವಾಪಸ್ ಬಂದ್ರು ಅಂತಲ್ಲ. ಎಣಿಸದಿದ್ರೂ ಬರ್ತಿದ್ರು."

ಹೊಡೆದ ಹಾಗಾಯಿತು ಅವಳಿಗೆ. "ನಿಮಗೇನ್ರೀ ಗೊತ್ತು! ತಂತಿ ಹಿಡ್ಕೊಂಡು ಹೋಗಿ ತಂತಿ ಹಿಡ್ಕೊಂಡು ಬಂದವರು ನೀವು!" ಎಂದು ಎದ್ದು ದಡದಡ ಇಳಿದಳು.

ಕಾಲು ಹೋದತ್ತ ಹೋದಳು. ಮನೆಗಳು ಮುಗಿದವು, ರಸ್ತೆ ಕುರಿಗಳ ದಾರಿಯಾಯಿತು, ದಾರಿ ಏರುತ್ತ ಹೋಯಿತು. ಸಿಟ್ಟಿನಲ್ಲಿ ಬಿರಬಿರನೆ ಹತ್ತಿದಳು. ಮೇಲೆ ಬಯಲು, ಅದರ ಆಚೆ ಮತ್ತೊಂದು ಬಯಲು, ಎಲ್ಲ ನೇರಳೆ, ಎಲ್ಲಿಯೂ ಕಡಲಿಲ್ಲ. ಎತ್ತ ತಿರುಗಿದರೂ ಕಡಲು ಕಾಣದ ಜಾಗದಲ್ಲಿ ಅವಳು ಅದುವರೆಗೆ ನಿಂತಿರಲೇ ಇಲ್ಲ. ಅಳು ಬಂತು. ಯಾರೂ ಇರಲಿಲ್ಲವಾದ್ದರಿಂದ ಜೋರಾಗಿಯೇ ಅತ್ತಳು. ಒಂದು ಕುರಿ ಮೇಯುವುದು ನಿಲ್ಲಿಸಿ ನೋಡಿ, ಮತ್ತೆ ಮೇಯತೊಡಗಿತು. ಕಣ್ಣು ಒರೆಸಿಕೊಂಡು ಇನ್ನೂ ಸ್ವಲ್ಪ ಮುಂದೆ ಹೋದಳು, ಆ ದಿಬ್ಬದಾಚೆ ಏನಿದೆ ನೋಡೋಣ ಎಂದು. ಆಚೆ ಇನ್ನೊಂದು ದಿಬ್ಬವಿತ್ತು. ಅದನ್ನೂ ಹತ್ತಿದಳು.

ಬಸ್ಸಿನ ಹಾರ್ನು ಕೇಳಿದಾಗ ಅದು ಎಷ್ಟನೆಯ ಸಲದ್ದೋ ಅವಳಿಗೆ ತಿಳಿಯಲಿಲ್ಲ. ಗಡಿಯಾರ ನೋಡಿದರೆ ಹೊರಡುವ ಹೊತ್ತು ಮೀರಿ ಮುಕ್ಕಾಲು ಗಂಟೆ. ಓಡಿದಳು; ಐವತ್ತೈದರ ಹೆಂಗಸು, ಒಂದು ಕೈಯಲ್ಲಿ ಕೋಟು, ಒಂದು ಕೈಯಲ್ಲಿ ಕಳಚಿದ ಬೂಟು, ಕೆಸರು ತುಳಿಯುತ್ತ, ಕುರಿ ಚದುರಿಸುತ್ತ.

ಕೆಳಗೆ ಹುಲ್ಲಿನ ಮೇಲೆ ಜನ ಅಲ್ಲಲ್ಲಿ ನಿಂತಿದ್ದರು. ಲೆನ್ ಚರ್ಚಿನ ಕಡೆಗೆ ಹುಡುಕಲು ಹೋಗಿದ್ದ. ದಾರಿ ಶುರುವಾಗುವ ಜಾಗದಲ್ಲಿ, ಬಸ್ಸಿನಿಂದ ಇನ್ನೂರು ಗಜ ದೂರ, ಹೊಳೆಯುವ ಬೂಟಿಗೆಲ್ಲ ಕುರಿಯ ಹಿಕ್ಕೆ ಮೆತ್ತಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ಪರ್ಸಿ ಹಾಲ್‌ರಾಯ್ಡ್ ನಿಂತಿದ್ದ. ಅವನ ಮುಖ ಬಿಳಿಚಿತ್ತು.

"ಇಳಿದ್ರಲ್ಲ!" ಎಂದಳು ಎನಿಡ್, ಏದುಸಿರು ಬಿಡುತ್ತ.

"ನೀವು ಬರಲಿಲ್ವಲ್ರೀ! ಇಳೀದೆ ಏನು ಮಾಡ್ಲಿ?" ಆತ ಅರಚಿಯೇಬಿಟ್ಟ. "ತೊರೆ ಹತ್ರ ನೋಡ್ದೆ, ಅಂಗಡೀಲಿ ಕೇಳ್ದೆ. ಏನಂತ ತಿಳ್ಕೊಳ್ಳೋದು ನಾನು? ಬಾಯಿಗೆ ಬಂದಿದ್ದು ಅಂದೆ, ನೀವು ಬೆಟ್ಟ ಹತ್ತಿ ಹೋದ್ರಿ!"

ಅವಳು ನಗತೊಡಗಿದಳು. ನಿಲ್ಲಿಸಲಾಗದೆ, ಅಲ್ಲಿದ್ದ ಕಲ್ಲುಗೋಡೆಯ ಮೇಲೆ ಕೂತು ನಕ್ಕಳು. ಆತ ಕೋಪದಲ್ಲೇ ಪಕ್ಕದಲ್ಲಿ ಕೂತು, ಕಡ್ಡಿಯಿಂದ ಬೂಟು ಕೆರೆದುಕೊಂಡ. ಬಸ್ಸಿನ ಕಡೆಯಿಂದ ಒಬ್ಬ ಅಜ್ಜಿ ಕೂಗಿದಳು: "ಸಿಕ್ಕಿದಳಾ? ದೇವರು ದೊಡ್ಡವನು! ಬನ್ನಿ ಬನ್ನಿ, ರಾತ್ರಿ ಊಟ ಆರಿಹೋಗುತ್ತೆ!"

ಹಿಂದಿರುಗುವಾಗ ಎನಿಡ್ ಎಣಿಸಲಿಲ್ಲ ಎಂದು ಹೇಳಲಾಗದು. ಎರಡು ಸಲ ಎಣಿಸಿದಳು. ಎರಡನೆಯ ಸಲ ತನ್ನನ್ನು ಸೇರಿಸುವುದು ಮರೆತು ಲೆಕ್ಕ ತಪ್ಪಿತು. ಹಾಲ್‌ರಾಯ್ಡ್, "ನೀವೂ ಇದೀರಿ ತಾಯಿ," ಎಂದ.

ಶನಿವಾರ ಆತ ಬ್ರಾಡ್‌ಫರ್ಡ್‌ಗೆ ಹೋದ. ಆಮೇಲೆ ಐದು ವರ್ಷ ಅದೇ ವಾರಕ್ಕೆ ಬಂದ. ಎಡಗಡೆಯ ಮುಂದಿನ ಸೀಟು ಅವನಿಗೆ ಕಾದಿರುತ್ತಿತ್ತು. ಇಬ್ಬರಿಗೂ ಮದುವೆ ಮಾಡಿಸಬೇಕೆಂದು ಮ್ಯಾಜ್‌ಗೆ ಬಹಳ ಆಸೆಯಿತ್ತು. ಅದೇನೂ ಆಗಲಿಲ್ಲ, ಒಬ್ಬರ ಹಠ ಇನ್ನೊಬ್ಬರಿಗೆ ವಾರಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ.

ಎಪ್ಪತ್ತೆಂಟರ ಆ ಸೆಪ್ಟೆಂಬರಿನಲ್ಲೇ ಎನಿಡ್ ಕಂಪನಿಯವರನ್ನು ಕೇಳಿ ಬುಧವಾರ ರಜೆ ಪಡೆದಳು. ಮಂಗಳವಾರ ಗೂಡು ಮುಚ್ಚಿದ ಮೇಲೆ, ನಾಳೆ ತಾನು ಎಲ್ಲಿಗೆ ಹೋಗಬೇಕು ಎಂದು ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ನಿಂತಳು. ಸಾವಿರಾರು ಜನರಿಗೆ ಕಣ್ಣಳತೆಯಲ್ಲೇ ಜಾಗ ಆರಿಸಿಕೊಟ್ಟವಳಿಗೆ ತನಗೊಂದು ಹೊಳೆಯಲಿಲ್ಲ. ರೀವೋ ಎಂದು ಬರೆದು ಹೊಡೆದು ಹಾಕಿದಳು. ನೇರ್ಸ್‌ಬರೋ ಎಂದು ಬರೆದಳು, ಅದು ದೂರ. ಹೆಲ್ಮ್‌ಸ್ಲಿ ಎಂದಳು, ಅಲ್ಲಿ ಏನಿದೆ? ಮ್ಯಾಜ್ ಉಪ್ಪು ಕೇಳಲು ಬಂದವಳು ಕಾಗದ ನೋಡಿ ನಕ್ಕಳು.

"ಏನೇ ಇದು, ಪರೀಕ್ಷೆಗೆ ಕೂತ ಹಾಗೆ?"

"ನನಗೆ ಏನು ಇಷ್ಟ ಅಂತ ಗೊತ್ತಾಗ್ತಿಲ್ಲ ಕಣೆ."

"ಎಲ್ಲೋ ಒಂದ್ ಕಡೆ ಹೋಗು. ಇಷ್ಟ ಆಗದಿದ್ರೆ ಬಾ."

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದಾಗಲೂ ಅವಳು ಏನೂ ಆರಿಸಿರಲಿಲ್ಲ. ನಾಲ್ಕು ಬಸ್ಸು ನಿಂತಿದ್ದವು. ಒಂದರಿಂದ ಒಂದಕ್ಕೆ ಹೋಗಿ ಹಲಗೆ ಓದಿದಳು, ಹಿಂದಕ್ಕೆ ಬಂದಳು, ಮತ್ತೆ ಓದಿದಳು. ಕೊನೆಗೆ ಎಂಜಿನ್ನು ಶುರುವಾಗಿದ್ದ ಬಸ್ಸಿನ ಬಾಗಿಲಿಗೆ ಕೈ ಹಾಕಿದಳು. ಎಲ್ಲಿಗೆ ಎಂದು ಚಾಲಕ ಕೇಳಿದಾಗ, ಇದು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಎಂದು ಹೇಳಿ ಮೆಟ್ಟಿಲು ಹತ್ತಿದಳು.